ಷರೀಫ್ ಭಾಯ್ ಕಾದ ಹನ್ನೊಂದು ತಿಂಗಳು

ಗೃಹಸಾಲ ವಿಭಾಗದ ಮುಖ್ಯಸ್ಥರೇ,

ತಮ್ಮ ಪತ್ರ ತಲುಪಿತು. ಬಡ್ಡಿದರ ಇಳಿದಿದೆ, ನಾನು ಮತ್ತೆ ಸಾಲಕ್ಕೆ ಅರ್ಹಳಾಗಿದ್ದೇನೆ, ನನ್ನ ಕನಸಿನ ಮನೆ ನನಗಾಗಿ ಕಾಯುತ್ತಿದೆ ಎಂದು ಬರೆದಿದ್ದೀರಿ. ಮೊದಲಿನ ಎರಡು ಮಾತು ನಿಜವಿರಬಹುದು. ಮೂರನೆಯದನ್ನು ತಾವು ವಿಚಾರಿಸದೆ ಬರೆದಿದ್ದೀರಿ. ನನಗಾಗಿ ಕಾದದ್ದು ಆ ಮನೆಯ ಯಜಮಾನರು. 2022ರ ಮಾರ್ಚಿನಿಂದ 2023ರ ಫೆಬ್ರವರಿಯವರೆಗೆ ಹನ್ನೊಂದು ತಿಂಗಳು ಕಾದರು, ಆಮೇಲೆ ತೀರಿಕೊಂಡರು. ತಾವು ನನಗೆ ಇಷ್ಟು ಹಣ ಕೊಡುತ್ತೇವೆ ಎಂದು ಬರೆದುಕೊಟ್ಟು, ತಮ್ಮದೇ ವಕೀಲರ ಮೇಜಿನ ಮೇಲೆ ಆ ಪತ್ರದ ಅವಧಿ ಮುಗಿಯಲು ಬಿಟ್ಟು, ಅಷ್ಟರಲ್ಲಿ ಬಡ್ಡಿ ಏರಿತೆಂದು ಕೊಡುವ ಹಣವನ್ನು ಕಡಿಮೆ ಮಾಡಿದಿರಿ. ನನ್ನ ದೂರು ಇಷ್ಟೇ. ಇದನ್ನು ನಾಲ್ಕು ಸಲ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದೆ. ನಾಲ್ಕು ಸಲವೂ ಒಂದೇ ಮುದ್ರಿತ ಉತ್ತರ ಇಂಗ್ಲಿಷಿನಲ್ಲಿ ಬಂತು. ಕೊನೆಯದರಲ್ಲಿ, ನನ್ನ ದೂರು ನನಗೆ ತೃಪ್ತಿಯಾಗುವಂತೆ ಇತ್ಯರ್ಥವಾಗಿದೆ ಎಂದಿತ್ತು. ನನಗೆ ತೃಪ್ತಿಯಾದ ಸಂಗತಿ ನನಗಿಂತ ಮೊದಲು ತಮಗೆ ತಿಳಿದದ್ದು ಹೇಗೆ ಎಂದು ಕೇಳಲು ವಿಳಾಸವಿರಲಿಲ್ಲ. ಆದ್ದರಿಂದ ಈ ಸಲ ಎಲ್ಲರೂ ಓದುವಲ್ಲಿ ಬರೆಯುತ್ತಿದ್ದೇನೆ.

ನಾನು ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಹುಟ್ಟೂರು ಗೌರಿಬಿದನೂರಿನ ಕಡೆ. ಮದುವೆಯಾಗಿ, ವರ್ಗವಾಗಿ, 2003ರಲ್ಲಿ ಶಿಡ್ಲಘಟ್ಟಕ್ಕೆ ಬಂದಾಗ ನಮಗೆ ಬಾಡಿಗೆಗೆ ಸಿಕ್ಕಿದ್ದು ಷರೀಫ್ ಎಂಬ ರೇಷ್ಮೆ ರೀಲರ್ ಮನೆಯ ಬೀದಿ ಕಡೆಯ ಭಾಗ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಮೂರು ಮೆಟ್ಟಿಲು. ಹಿಂದಿನ ಭಾಗದಲ್ಲಿ ಷರೀಫ್ ಮತ್ತು ಅವರ ಹೆಂಡತಿ ಗುಲ್ಷನ್ ಇದ್ದರು. ಅದಕ್ಕೂ ಹಿಂದೆ ತಗಡಿನ ಷೆಡ್ಡು, ಅದರೊಳಗೆ ಗೂಡು ಬೇಯಿಸಿ ನೂಲು ತೆಗೆಯುವ ನಾಲ್ಕು ಬಿಸಿನೀರಿನ ತೊಟ್ಟಿಗಳು. ಬೆಂದ ಗೂಡಿನ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಮೊದಲ ವಾರ ನಾನೂ ಹಾಗೇ ಮಾಡಿದೆ. ಆಮೇಲೆ ಊರಿಗೆ ಹೋದಾಗ ಆ ವಾಸನೆ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಆ ಮನೆಯಲ್ಲಿ ನನ್ನ ಮಗಳು ಮೌನಿಕಾ ಅಂಬೆಗಾಲಿಟ್ಟಳು. ಆ ಮನೆಯಿಂದಲೇ 2013ರಲ್ಲಿ ನನ್ನ ಯಜಮಾನರು ಮೋಹನ್‌ಬಾಬು ಅವರನ್ನು ಕೊನೆಯ ಸಲ ಕಳಿಸಿಕೊಟ್ಟೆವು. ಅವತ್ತು ಬೆಳಿಗ್ಗೆ ಷೆಡ್ಡಿನಲ್ಲಿ ಇಡೀ ದಿನದ ಗೂಡು ಬೇಯಿಸಿಟ್ಟಿದ್ದರು. ಬೇಯಿಸಿದ ಗೂಡಿನ ನೂಲನ್ನು ಅವತ್ತೇ ತೆಗೆಯಬೇಕು, ಇಲ್ಲದಿದ್ದರೆ ಕೆಟ್ಟುಹೋಗುತ್ತದೆ. ಷರೀಫ್ ಭಾಯ್ ಒಲೆ ಆರಿಸಿ, ಕೆಲಸದವರನ್ನು ಮನೆಗೆ ಕಳಿಸಿ, ಬಂದು ಮೆಟ್ಟಿಲ ಮೇಲೆ ಕುಳಿತರು. ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ. ಆ ಗೂಡಿನ ಮಾತನ್ನು ಅವರು ಎಂದೂ ಎತ್ತಲಿಲ್ಲ. ವರ್ಷಗಳಾದ ಮೇಲೆ ಗುಲ್ಷನ್ ಬೇರೆ ಏನನ್ನೋ ಹೇಳುವಾಗ ಬಾಯಿ ತಪ್ಪಿ ಹೇಳಿದಳು.

ರೀಲರ್‌ಗಳಿಗೆ ಉಬ್ಬಸ ಹೊಸದಲ್ಲ. ಆವಿ, ಹೊಗೆ, ಸತ್ತ ಹುಳುವಿನ ದೂಳು, ಇವುಗಳ ನಡುವೆ ಮೂವತ್ತು ವರ್ಷ ನಿಂತವರ ಎದೆಯನ್ನು ನಮ್ಮ ವಾರ್ಡಿನಲ್ಲಿ ದಿನವೂ ಕೇಳುತ್ತೇವೆ. 2021ರ ಕೊನೆಗೆ ಷರೀಫ್ ಭಾಯ್‌ಗೆ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಕೋಲಾರದ ದೊಡ್ಡ ಆಸ್ಪತ್ರೆಯ ವೈದ್ಯರು ಮದ್ದಿನ ಚೀಟಿ ಬರೆಯುವ ಮೊದಲು ಒಂದೇ ಮಾತು ಹೇಳಿದರಂತೆ, ಆ ಷೆಡ್ಡಿನಿಂದ ಹೊರಗೆ ಬನ್ನಿ, ಅದಿಲ್ಲದೆ ನನ್ನ ಮದ್ದು ನಿಮಗೆ ಹತ್ತುವುದಿಲ್ಲ ಎಂದು. ಗುಲ್ಷನ್‌ಳ ತಮ್ಮ ಸಲ್ಮಾನ್ ಚಿಂತಾಮಣಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾನೆ. ಶಿಡ್ಲಘಟ್ಟದ ಮನೆ ಮಾರುವುದು, ಚಿಂತಾಮಣಿಯಲ್ಲಿ ಸಣ್ಣದೊಂದು ಮನೆ ಕೊಳ್ಳುವುದು, ಉಳಿದದ್ದನ್ನು ಸಲ್ಮಾನನ ಅಂಗಡಿಗೆ ಹಾಕಿ ಗಲ್ಲಾದ ಮೇಲೆ ಕೂರುವುದು, ಇದು ಅವರ ಯೋಚನೆ. 2022ರ ಮಾರ್ಚಿನ ಒಂದು ಭಾನುವಾರ ನಾನು ಬಟ್ಟೆ ಒಣಗಹಾಕುತ್ತಿದ್ದಾಗ ಬಂದು ನಿಂತರು.

"ಸಿಸ್ಟರಮ್ಮ, ಮನೆ ಮಾರ್ತಾ ಇದ್ದೀನಿ. ಬೇರೆಯೋರಿಗೆ ಹೇಳೋಕ್ ಮುಂಚೆ ನಿಮ್ಮನ್ನ ಕೇಳಣ ಅಂತ ಬಂದೆ."

"ನನ್ನ ಕೈಲಿ ಆಗುತ್ತಾ ಭಾಯ್?"

"ಯಾಕಾಗಲ್ಲ? ಸರ್ಕಾರಿ ಸಂಬಳ ನಿಮ್ದು. ಬ್ಯಾಂಕ್‌ನೋರು ಮನೆ ಬಾಗಿಲಿಗೇ ಬಂದು ಕೊಡ್ತಾರಂತೆ."

ಬೀದಿಯವರು ನಲವತ್ತೆರಡು ಲಕ್ಷ ಎನ್ನುತ್ತಿದ್ದ ಮನೆಗೆ ಅವರು ಮೂವತ್ತೆಂಟು ಹೇಳಿದರು. ಯಾಕೆ ಎಂದರೆ, "ಹತ್ತೊಂಬತ್ತು ವರ್ಷ ಬಾಡಿಗೆ ಕೊಟ್ಟಿದ್ದೀರಲ್ಲ, ಅದನ್ನೂ ಸ್ವಲ್ಪ ಸೇರಿಸ್ಕೊಳ್ಳಣ ಬಿಡಿ" ಎಂದರು. ನಾನು ಎರಡು ಲಕ್ಷ ಮುಂಗಡ ಕೊಟ್ಟೆ. ಮೂರು ತಿಂಗಳ ಗಡುವು ಹಾಕಿ ಕರಾರು ಪತ್ರ ಬರೆಸಿದೆವು. ಅದೇ ವಾರ ಅವರು ಚಿಂತಾಮಣಿಯ ಮನೆಗೆ ಒಂದೂವರೆ ಲಕ್ಷ ಮುಂಗಡ ಕೊಟ್ಟರು.

ಇಲ್ಲಿಂದ ಮುಂದೆ ತಮ್ಮ ಪಾತ್ರ ಶುರುವಾಗುತ್ತದೆ. ಚಿಕ್ಕಬಳ್ಳಾಪುರದ ತಮ್ಮ ಶಾಖೆಯ ಬಗ್ಗೆ ನಾನು ಒಂದು ಒಳ್ಳೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಕುರ್ಚಿ ಕೊಟ್ಟು ಮಾತಾಡಿಸುತ್ತಾರೆ. ಏಪ್ರಿಲ್ ಎರಡರಂದು ನನ್ನ ಕೈಗೆ ಮಂಜೂರಾತಿ ಪತ್ರ ಬಂತು. ಇಪ್ಪತ್ತೆಂಟು ಲಕ್ಷ, ಶೇಕಡಾ ಆರು ಮುಕ್ಕಾಲರ ಆಸುಪಾಸಿನ ಬಡ್ಡಿ, ನಾನು ನಿವೃತ್ತಳಾಗುವ ತನಕ ಹನ್ನೊಂದು ವರ್ಷದ ಕಂತು, ಪತ್ರದ ಅವಧಿ ಮೂರು ತಿಂಗಳು. ಬಡ್ಡಿ ಬದಲಾಗಬಹುದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅದನ್ನು ನಾನು ಓದಿಲ್ಲವೆಂದು ಹೇಳುವುದಿಲ್ಲ. ಕಂತು ಸ್ವಲ್ಪ ಏರಿದರೆ ಹೊಟ್ಟೆ ಬಟ್ಟೆ ಕಟ್ಟಿ ತೀರಿಸಬಹುದು ಎಂದುಕೊಂಡಿದ್ದೆ. ಕೊಡುತ್ತೇವೆಂದ ಹಣವೇ ಇಳಿಯಬಹುದು ಎಂದು ಎಲ್ಲಿಯೂ ಬರೆದಿರಲಿಲ್ಲ. ದೊಡ್ಡ ಅಕ್ಷರದಲ್ಲೂ ಇಲ್ಲ, ಸಣ್ಣದರಲ್ಲೂ ಇಲ್ಲ.

ಬಾಕಿ ಎಂಟು ಲಕ್ಷ ನನ್ನ ಹತ್ತಿರ ಇತ್ತು. ಯಜಮಾನರ ವಿಮೆ ಹಣ ಮತ್ತು ನನ್ನ ಉಳಿತಾಯ, ಎಂದಾದರೂ ಒಂದು ಮನೆಗೆ ಎಂದು ಕೂಡಿಟ್ಟದ್ದು. ಅದು ತಮ್ಮ ಬ್ಯಾಂಕಿನಲ್ಲೇ ಠೇವಣಿಯಾಗಿತ್ತು. ಆ ಜನವರಿಯಲ್ಲಿ ಅವಧಿ ಮುಗಿದಾಗ ಶಾಖೆಯ ಒಬ್ಬ ಅಧಿಕಾರಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, "ಮೇಡಂ, ಐದು ಪರ್ಸೆಂಟಿಗೆ ಯಾಕೆ ಇಡ್ತೀರಾ? ಎಲ್ರೂ ಮ್ಯೂಚುಯಲ್ ಫಂಡ್‌ಗೆ ಹಾಕ್ತಾ ಇದ್ದಾರೆ" ಎಂದು ಸಹಿ ಮಾಡಬೇಕಾದ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳಿಗೆ ಇಷ್ಟು ಜನರ ಸಹಿ ತರಬೇಕೆಂದು ಅವಳಿಗೂ ಮೇಲಿನಿಂದ ಯಾರೋ ಹೇಳಿರುತ್ತಾರೆ. ಆ ಮೇಲಿನವರು ತಾವೇ ಇರಬಹುದು.

ಮೇ ನಾಲ್ಕರಂದು ಬಡ್ಡಿ ಏರಿತು. ನನಗೆ ಗೊತ್ತಾದದ್ದು ಆಸ್ಪತ್ರೆಯ ಟಿವಿಯಲ್ಲಿ. ದೇಶದಲ್ಲಿ ಬೆಲೆ ಏರಿದೆ, ಅದನ್ನು ಹಿಡಿಯಲು ಬಡ್ಡಿ ಏರಿಸಲೇಬೇಕು ಎಂದು ಹೇಳುತ್ತಿದ್ದರು. ಇರಬಹುದು. ಅಡುಗೆ ಎಣ್ಣೆ ಕೊಳ್ಳುವವಳು ನಾನೂ ಹೌದು, ಬೆಲೆ ಏರಿದ್ದು ನನಗೂ ಗೊತ್ತು. ಠೇವಣಿಯ ಬಡ್ಡಿಯಲ್ಲೇ ಬದುಕುವ ನಮ್ಮ ನಿವೃತ್ತ ಸಿಸ್ಟರ್‌ಗಳಿಗೆ ಆ ವರ್ಷ ನಾಲ್ಕು ಕಾಸು ಹೆಚ್ಚು ಬಂತು, ಅದೂ ಸುಳ್ಳಲ್ಲ. ಏರಿಸಿದ ದೊಡ್ಡವರ ಜೊತೆ ನನ್ನ ಜಗಳವಿಲ್ಲ. ನನ್ನ ಪ್ರಶ್ನೆ ತಮಗೆ. ಮೇ ನಾಲ್ಕಕ್ಕೆ ನನ್ನ ಕಾಗದಪತ್ರಗಳು ಎಲ್ಲಿದ್ದವು?

ತಮ್ಮ ವಕೀಲರ ಮೇಜಿನ ಮೇಲಿದ್ದವು. ಕಾನೂನು ಅಭಿಪ್ರಾಯ ಬೇಕೆಂದು ಏಪ್ರಿಲ್ ಮೊದಲ ವಾರ ಕೊಟ್ಟ ಕಟ್ಟು ಏಳು ವಾರ ಅಲ್ಲಿ ಮಲಗಿತ್ತು. ನಾನು ರಜೆ ಹಾಕಿ, ಚಿಕ್ಕಬಳ್ಳಾಪುರದ ಬಸ್ಸು ಹಿಡಿದು, ಐದು ಸಲ ಹೋದೆ. ಐದನೆಯ ಸಲ, 1971ರಲ್ಲಿ ಷರೀಫರ ತಂದೆ ಮತ್ತು ಚಿಕ್ಕಪ್ಪನ ನಡುವೆ ಆದ ಭಾಗಪತ್ರದ ನಕಲು ಇಲ್ಲ ಎಂದರು. ಇದನ್ನು ಮೊದಲ ವಾರವೇ ಹೇಳಬಹುದಿತ್ತಲ್ಲವೇ ಎಂದು ಕೇಳಿದೆ. "ಮೊದಲ ವಾರ ಫೈಲ್ ಓಪನ್ ಮಾಡಿರಲಿಲ್ಲ ಮೇಡಂ" ಎಂದು ಅವರ ಗುಮಾಸ್ತ ಸತ್ಯವನ್ನೇ ಹೇಳಿದ. ನಕಲು ಸಿಗಲು ಇನ್ನಷ್ಟು ದಿನ ಹೋದವು. ಷರೀಫ್ ಭಾಯ್ ಉಸಿರು ಎಳೆದುಕೊಳ್ಳುತ್ತಾ ನೋಂದಣಿ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಅದನ್ನು ತಂದರು. ಅಷ್ಟರಲ್ಲಿ ಜೂನ್ ಬಂತು, ಬಡ್ಡಿ ಮತ್ತೆ ಏರಿತು.

ಜೂನ್ ಮಧ್ಯದಲ್ಲಿ ಶಾಖೆಯಿಂದ ಫೋನು. ನನ್ನ ಪಾಲಿನ ಎಂಟು ಲಕ್ಷ ಉಳಿತಾಯ ಖಾತೆಯಲ್ಲಿ ನಗದಾಗಿ ತೋರಿಸಬೇಕು, ಇಲ್ಲದಿದ್ದರೆ ಕಡತ ಮುಂದೆ ಹೋಗುವುದಿಲ್ಲ. ಅಂದರೆ ಜನವರಿಯಲ್ಲಿ ತಾವೇ ಹಾಕಿಸಿದ ಫಂಡನ್ನು ಜೂನಿನಲ್ಲಿ ಮಾರಬೇಕು. ಬಡ್ಡಿ ಏರಿದರೆ ಷೇರು ಪೇಟೆ ಯಾಕೆ ಬೀಳುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ, ಈಗ ಸ್ವಲ್ಪ ಗೊತ್ತು. ಸಾಲ ದುಬಾರಿಯಾದರೆ ಕಂಪನಿಗಳ ಲಾಭ ಕಡಿಮೆಯಾಗುತ್ತದೆ, ಮನೆ ಕಟ್ಟುವವರು ನಿಲ್ಲಿಸುತ್ತಾರೆ, ಸಿಮೆಂಟು ಕಬ್ಬಿಣದವರು ಬೀಳುತ್ತಾರೆ, ಹೊರದೇಶದವರು ತಮ್ಮ ಹಣ ಎತ್ತಿಕೊಂಡು ಹೋಗುತ್ತಾರೆ. ಆ ಜೂನಿನ ಮೂರನೆಯ ವಾರದಲ್ಲಿ ಪೇಟೆ ಆ ವರ್ಷದ ತಳ ಮುಟ್ಟಿತ್ತು. ನಾನು ಮಾರಿದ್ದು ಅದೇ ವಾರ. ಎಂಟು ಲಕ್ಷ ಆರು ಲಕ್ಷ ಅರವತ್ತು ಸಾವಿರವಾಗಿ ಬಂತು.

ವರ್ಷದ ಕೊನೆಗೆ ಪೇಟೆ ಕಳೆದುಕೊಂಡದ್ದನ್ನೆಲ್ಲ ವಾಪಸು ಪಡೆಯಿತು ಎಂದು ಅದೇ ಹುಡುಗಿ ಆಮೇಲೆ ಹೇಳಿದಳು. "ಸ್ವಲ್ಪ ವೇಟ್ ಮಾಡ್ಬೇಕಿತ್ತು ಮೇಡಂ." ಮುಖ್ಯಸ್ಥರೇ, ಕಾಯಲು ಬಿಡದೆ ಮಾರಿಸಿದವರು ಯಾರು? ಕಾಯಬಲ್ಲವರ ಹಣ ಬಿದ್ದರೂ ಎದ್ದು ಬರುತ್ತದೆ. ಮನೆ ಕೊಳ್ಳಲೆಂದು ಕೂಡಿಟ್ಟ ಹಣಕ್ಕೆ ಒಂದು ದಿನಾಂಕವಿರುತ್ತದೆ, ಅದು ಆ ದಿನ ಎಲ್ಲಿದೆಯೋ ಅಲ್ಲೇ ಅದರ ಬೆಲೆ. ಇದನ್ನು ಜನವರಿಯಲ್ಲಿ ಯಾರಾದರೂ ಎರಡು ವಾಕ್ಯದಲ್ಲಿ ಹೇಳಿದ್ದರೆ ನಾನು ಐದು ಪರ್ಸೆಂಟಿನಲ್ಲೇ ನೆಮ್ಮದಿಯಾಗಿರುತ್ತಿದ್ದೆ.

ಜುಲೈ ಮೊದಲ ವಾರ ಮಂಜೂರಾತಿ ಪತ್ರದ ಅವಧಿ ಮುಗಿಯಿತು. ಹೊಸ ಅರ್ಜಿ, ಹೊಸ ಶುಲ್ಕ, ಹೊಸ ಮೌಲ್ಯಮಾಪನ. ಆಗಸ್ಟಿನಲ್ಲಿ ಬಡ್ಡಿ ಮತ್ತೆ ಏರಿತು, ಸೆಪ್ಟೆಂಬರ್ ಮೂವತ್ತಕ್ಕೆ ಮತ್ತೆ. ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂಬುದು ತಮ್ಮ ನಿಯಮ. ಬಡ್ಡಿ ಏರಿದಷ್ಟೂ ಆ ಅರ್ಧದಲ್ಲಿ ಹಿಡಿಸುವ ಸಾಲ ಕುಗ್ಗುತ್ತದೆ. ಅಕ್ಟೋಬರಿನಲ್ಲಿ ನನ್ನ ಅರ್ಹತೆ ಇಪ್ಪತ್ತೈದು ಲಕ್ಷಕ್ಕೆ ಇಳಿಯಿತು. ಅದೇ ಸಂಬಳ, ಅದೇ ಮನೆ, ಅದೇ ನಾನು. ವಾರ್ಡಿನಲ್ಲಿ ಎರಡು ಪಾಳಿ ಹೆಚ್ಚಾಗಿಯೇ ಮಾಡಿದ್ದೆ. ಮೂರು ಲಕ್ಷದಷ್ಟು ನಾನು ಯಾವುದರಲ್ಲಿ ಕಡಿಮೆಯಾದೆ ಎಂದು ಅವತ್ತು ಬಸ್ಸಿನಲ್ಲಿ ಬರುವಾಗ ಯೋಚಿಸಿದೆ.

ಬಳೆ ಒತ್ತೆ ಇಟ್ಟೆ. ಅಷ್ಟಾದರೂ ಸುಮಾರು ಮೂರು ಲಕ್ಷ ಸಾಲದೆ ಬಂತು. ಷರೀಫ್ ಭಾಯ್‌ಗೆ ಹೇಳಲು ಹೋದಾಗ ಅವರು ಷೆಡ್ಡಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತಿದ್ದರು. ಮನೆ ಮಾರಾಟವಾಗುವ ತನಕ ಹೊಟ್ಟೆಗೆ ದಾರಿ ಬೇಕಲ್ಲ, ಒಲೆ ಆರಿಸಿರಲಿಲ್ಲ. ಕೆಲಸದ ಹೆಂಗಸು ಬರದ ದಿನ ತಾವೇ ತೊಟ್ಟಿಯ ಮುಂದೆ ನಿಲ್ಲುತ್ತಿದ್ದರು. ನಾನು ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ.

"ಒಂದು ಲಕ್ಷ ನಾನು ಬಿಡ್ತೀನಿ. ಆಗ ಎಷ್ಟು ಬೇಕಾಗುತ್ತೆ?"

"ಬೇಡ ಭಾಯ್. ಆಗ್ಲೇ ಬಿಟ್ಟಿದ್ದೀರ ನೀವು."

"ಸರಿ ಹಾಗಾದ್ರೆ. ಕಾಯಣ. ಏರಿದ್ದು ಇಳೀಲೇಬೇಕಲ್ಲ."

ಅದೇ ತಿಂಗಳು ಬೆಂಗಳೂರಿನ ಕಡೆಯಿಂದ ಒಬ್ಬರು ಬಂದು ಮನೆ ನೋಡಿದರು. ಸಾಲ ಬೇಡ, ಬ್ಯಾಂಕ್ ಬೇಡ, ಮೂವತ್ತಾರು ಲಕ್ಷ ಒಂದೇ ಕಂತಿನಲ್ಲಿ ಕೊಡುತ್ತೇನೆ ಎಂದರು. ಬಡ್ಡಿ ಏರಿದರೆ ಮನೆಗಳ ಬೆಲೆ ಇಳಿಯುತ್ತದೆ ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ಇಳಿಯುವುದು ಹೀಗೆ. ನಮ್ಮಂಥವರು ಸಾಲು ಬಿಟ್ಟು ಸರಿಯಬೇಕಾಗುತ್ತದೆ, ಕೈಯಲ್ಲಿ ದುಡ್ಡಿರುವವರು ಎರಡು ಲಕ್ಷ ಕಡಿಮೆಗೆ ಕೇಳಲು ಬರುತ್ತಾರೆ. ಬಡ್ಡಿ ಅವರನ್ನು ಮುಟ್ಟುವುದಿಲ್ಲ, ನಮ್ಮನ್ನು ಪಕ್ಕಕ್ಕೆ ಸರಿಸಿ ಅವರಿಗೆ ದಾರಿ ಮಾಡಿಕೊಡುತ್ತದೆ. ಷರೀಫ್ ಭಾಯ್ ಅವರಿಗೆ ಚಹಾ ಕೊಟ್ಟು ಕಳಿಸಿದರು. "ಸಿಸ್ಟರಮ್ಮಂಗೆ ಮಾತು ಕೊಟ್ಟಿದ್ದೀನಿ ಸ್ವಾಮಿ" ಎಂದರಂತೆ. ಕರಾರಿನ ಗಡುವು ಮುಗಿದು ನಾಲ್ಕು ತಿಂಗಳಾಗಿತ್ತು. ಕಾನೂನಿನ ಪ್ರಕಾರ ಅವರು ನನಗಾಗಿ ಕಾಯಬೇಕಾಗಿರಲಿಲ್ಲ.

ನವೆಂಬರಿನಲ್ಲಿ ಚಿಂತಾಮಣಿಯ ಮನೆಯವರು ಇನ್ನು ಕಾಯುವುದಿಲ್ಲವೆಂದು ಬೇರೆಯವರಿಗೆ ಮಾರಿದರು. ಷರೀಫ್ ಭಾಯ್ ಕೊಟ್ಟಿದ್ದ ಒಂದೂವರೆ ಲಕ್ಷ ಹೋಯಿತು. ಇದನ್ನು ಅವರು ನನಗೆ ಹೇಳಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಅವರಿಗೆ ಉಬ್ಬಸ ಜಾಸ್ತಿಯಾಗಿ ಆಸ್ಪತ್ರೆಗೆ ಕರೆತಂದಾಗ, ನಾನು ಮೂಗಿಗೆ ಮಾಸ್ಕ್ ಹಾಕಿ ಔಷಧದ ಹೊಗೆ ಕೊಡುತ್ತಿದ್ದೆ, ಗುಲ್ಷನ್ ವರಾಂಡದಲ್ಲಿ ನನ್ನ ಕೈ ಹಿಡಿದು ಹೇಳಿದಳು. ಹೇಳಿ, "ನಾನು ಹೇಳ್ದೆ ಅಂತ ಅವರಿಗೆ ಗೊತ್ತಾಗ್ಬಾರ್ದು ಅಕ್ಕ" ಎಂದಳು.

ಅವತ್ತು ಸಂಜೆ ಕರಾರು ಪತ್ರ ತೆಗೆದುಕೊಂಡು ಹಿಂದಿನ ಭಾಗಕ್ಕೆ ಹೋದೆ. ಅದನ್ನು ಅವರ ಮಂಚದ ಮೇಲೆ ಇಟ್ಟೆ.

"ಭಾಯ್, ಆ ಬೆಂಗಳೂರಿನೋರಿಗೆ ಫೋನ್ ಮಾಡಿ. ನನ್ನ ಕೈಲಿ ಆಗಲ್ಲ."

"ಫೆಬ್ರವರಿಲಿ ಮತ್ತೆ ಬಡ್ಡಿ ಮೀಟಿಂಗ್ ಇದೆಯಂತೆ. ಈ ಸಲ ಏರಿಸಲ್ಲ ಅಂತ ಟಿವೀಲಿ ಹೇಳಿದ್ರು."

"ಏರಿಸ್ಲಿ, ಬಿಡ್ಲಿ. ನಿಮ್ಮ ಎದೆ ಕೇಳ್ತಾ ಇದ್ದೀನಿ ನಾನು. ನೀವು ಇಲ್ಲಿಂದ ಹೋಗ್ಬೇಕು."

ಅವರು ಪತ್ರವನ್ನು ಮಡಿಸಿ ನನ್ನ ಕೈಗೇ ವಾಪಸು ಕೊಟ್ಟರು. "ಎರಡು ತಿಂಗಳು ತಾನೇ" ಎಂದರು. "ಮೌನಿಕಾ ಹುಟ್ಟಿ ಬೆಳೆದ ಮನೆ ಇದು. ಅವನು ಬಂದ್ರೆ ಒಡೆದ್ಹಾಕ್ತಾನೆ."

ಯೋಚಿಸಿ ನೋಡಿ. ಏಳನೇ ತರಗತಿ ಓದಿದ ರೀಲರ್ ಒಬ್ಬರು, ಗೂಡಿನ ಧಾರಣೆ ಬಿಟ್ಟು ಬೇರೆ ಅಂಕಿ ಎಂದೂ ಕೇಳದವರು, ಬಡ್ಡಿದರದ ಸಭೆಯ ದಿನಾಂಕ ನೆನಪಿಟ್ಟುಕೊಂಡಿದ್ದರು. ತಮ್ಮ ಶಾಖೆಯಲ್ಲಿ ಆ ದಿನಾಂಕವನ್ನು ನನಗೆ ಯಾರೂ ಹೇಳಲಿಲ್ಲ.

ಜನವರಿಯ ಚಳಿ ಅವರಿಗೆ ಆಗಲಿಲ್ಲ. ಫೆಬ್ರವರಿ ಆರರಂದು ನಮ್ಮ ವಾರ್ಡಿಗೆ ಸೇರಿಸಿದೆವು. ಎಂಟನೇ ತಾರೀಕು ಬೆಳಿಗ್ಗೆ ನಾನು ಪಾಳಿಯಲ್ಲಿದ್ದೆ. ಆಮ್ಲಜನಕದ ಮಾಸ್ಕ್ ಸ್ವಲ್ಪ ಸರಿಸಿ, "ಇವತ್ತಲ್ವಾ?" ಎಂದು ಕೇಳಿದರು. ನಾನು ಮಾಸ್ಕ್ ಸರಿಮಾಡಿ, ಮಾತಾಡಬೇಡಿ ಎಂದೆ. ಮಧ್ಯಾಹ್ನ ಸುದ್ದಿ ಬಂತು. ಮತ್ತೆ ಕಾಲು ಪರ್ಸೆಂಟ್. ಅವರು ಮತ್ತೆ ಕಣ್ಣಿನಲ್ಲೇ ಕೇಳಿದರು. ಮೂವತ್ತು ವರ್ಷದ ಹತ್ತಿರ ಕೆಲಸ ಮಾಡಿದ್ದೇನೆ, ರೋಗಿಗೆ ಸುಳ್ಳು ಹೇಳಬಾರದೆಂದು ಹೊಸ ಹುಡುಗಿಯರಿಗೆ ಕಲಿಸಿದ್ದೇನೆ. "ಏರಿಸಿಲ್ಲ ಭಾಯ್" ಎಂದೆ. ಅವರು ತಲೆಯಾಡಿಸಿದರು. ಗುಲ್ಷನ್ ನನ್ನ ಮುಖ ನೋಡಿದಳು, ಅವಳಿಗೆ ಗೊತ್ತಾಯಿತು, ಅವರ ಹೊದಿಕೆ ಸರಿಮಾಡಿದಳು. ಹನ್ನೊಂದನೇ ತಾರೀಕು, ಶನಿವಾರ, ಬೆಳಿಗ್ಗೆ ಹತ್ತೂವರೆಗೆ ಅವರು ಹೋದರು. ಕೇಸ್ ಷೀಟಿನಲ್ಲಿ ಕೊನೆಯ ಸಾಲು ಬರೆದವಳು ನಾನು.

ಕಾಲು ಪರ್ಸೆಂಟ್ ಅವರನ್ನು ಕೊಂದಿತು ಎಂದು ನಾನು ಬರೆಯುವುದಿಲ್ಲ. ಅವರನ್ನು ಕೊಂದದ್ದು ಮೂವತ್ತು ವರ್ಷದ ಆವಿ. ಆದರೆ ಹಿಂದಿನ ಜುಲೈನಲ್ಲಿ ಅವರು ಚಿಂತಾಮಣಿಯ ಗಲ್ಲಾದ ಮೇಲೆ ಕೂರಬೇಕಿತ್ತು. ಜುಲೈನಿಂದ ಫೆಬ್ರವರಿಯವರೆಗೆ ಏಳು ತಿಂಗಳು ಅವರು ಆ ಷೆಡ್ಡಿನಲ್ಲಿ ಉಸಿರಾಡಿದ್ದು ತಮ್ಮ ವಕೀಲರ ಮೇಜಿನ ಮೇಲೆ ವ್ಯರ್ಥವಾದ ಆ ಏಳು ವಾರಗಳ ಕಾರಣದಿಂದ. ಮತ್ತು ನನ್ನಿಂದ. ಇದನ್ನೂ ಬರೆಯದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ಅವರ ಎದೆಗೆ ಕೊಳವೆ ಇಟ್ಟು ಕೇಳಿದ್ದವಳು ನಾನು. ಒಳಗೆ ಏನಾಗುತ್ತಿದೆ ಎಂದು ತಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಕರಾರು ಪತ್ರವನ್ನು ಡಿಸೆಂಬರಿನಲ್ಲಿ ತೆಗೆದುಕೊಂಡು ಹೋದೆ, ಜುಲೈನಲ್ಲಿ ಹೋಗಲಿಲ್ಲ. "ಬಿಟ್ಬಿಡಮ್ಮ, ಬಾಡಿಗೆ ಮನೇಲಿ ಜನ ಬದುಕ್ತಾ ಇಲ್ವಾ" ಎಂದು ಮೌನಿಕಾ ಆಗಸ್ಟಿನಲ್ಲೇ ಹೇಳಿದ್ದಳು. ನನಗೆ ಆ ಮೂರು ಮೆಟ್ಟಿಲು ಬೇಕಿತ್ತು. ಇನ್ನೊಂದು ವಾರ, ಇನ್ನೊಂದು ಕಾಗದ ಎಂದುಕೊಂಡು ನಾನೂ ಅವರನ್ನು ಕಾಯಿಸಿದೆ. ನನ್ನ ಪಾಲನ್ನು ನಾನು ದಿನವೂ ತೀರಿಸುತ್ತಿದ್ದೇನೆ. ತಮ್ಮ ಪಾಲು ಎಲ್ಲಿದೆ?

ನಲವತ್ತು ದಿನ ಕಳೆದ ಮೇಲೆ ಗುಲ್ಷನ್ ಮನೆಯನ್ನು ಆ ಬೆಂಗಳೂರಿನವರಿಗೇ ಮಾರಿದಳು. ಆಗ ಅವರು ಮೂವತ್ತಮೂರಕ್ಕೆ ಇಳಿಸಿದ್ದರು. ಹೆಂಗಸು ಒಬ್ಬಳೇ, ಅವಸರದಲ್ಲಿದ್ದಾಳೆ ಎಂದು ಗೊತ್ತಾಗಿತ್ತು. ಊರು ಬಿಡುವ ದಿನ ಸಲ್ಮಾನನ ಗಾಡಿಗೆ ಸಾಮಾನು ಏರಿಸಿ, ನನ್ನ ಅಡುಗೆಮನೆಗೆ ಬಂದು ಒಂದು ಬಟ್ಟೆಯ ಗಂಟು ಇಟ್ಟಳು. ನನ್ನ ಎರಡು ಲಕ್ಷ ಮುಂಗಡ, ಪೂರ್ತಿ.

"ಗಡುವು ತಪ್ಪಿಸಿದವಳು ನಾನು ಗುಲ್ಷನ್. ಇದು ನಿನಗೇ ಸೇರಬೇಕು. ನಿನಗೆ ಅಲ್ಲಿ ಒಂದೂವರೆ ಹೋಗಿದೆ."

"ಅವರು ಆಸ್ಪತ್ರೇಲಿ ಹೇಳಿದ್ದು ಇದೊಂದೇ ಅಕ್ಕ. ಬೇರೇನೂ ಹೇಳ್ಳಿಲ್ಲ. ಬೇಡ ಅನ್ಬೇಡಿ."

ನಾನು ಬೇಡ ಎನ್ನಲಿಲ್ಲ. ಇನ್ನೊಂದು ಹಣದ ಮಾತನ್ನೂ ಇಲ್ಲೇ ಹೇಳುತ್ತೇನೆ. ನನ್ನ ಅರ್ಜಿಗೆ ತಾವು ಎರಡು ಸಲ ಸಂಸ್ಕರಣಾ ಶುಲ್ಕ ಪಡೆದಿದ್ದೀರಿ, ಕಾನೂನು ಅಭಿಪ್ರಾಯಕ್ಕೆ ಒಂದು ಸಲ, ಮೌಲ್ಯಮಾಪನಕ್ಕೆ ಎರಡು ಸಲ. ಸಾಲ ಕೊಡದ ಮೇಲೆ ವಾಪಸು ಕೊಡಿ ಎಂದು ಕೇಳಿದ್ದಕ್ಕೆ, ಯಾವ ಸಂದರ್ಭದಲ್ಲೂ ಮರುಪಾವತಿ ಇಲ್ಲ ಎಂದು ಉತ್ತರ ಬಂತು. ತಮ್ಮಲ್ಲಿ ಇಷ್ಟೊಂದು ಕಾನೂನು ಓದಿದವರಿದ್ದಾರೆ. ಗುಲ್ಷನ್ ಓದಿದವಳಲ್ಲ.

ಹೊಸ ಯಜಮಾನರು ಷೆಡ್ಡು ಕೆಡವಿ ಗೋದಾಮು ಮಾಡಿದರು, ಆಮೇಲೆ ನನ್ನ ಭಾಗವನ್ನೂ ಬಿಡಿಸಿಕೊಂಡರು. ಈಗ ನಾನು ಬಸ್ ನಿಲ್ದಾಣದ ಹಿಂದೆ ಮಹಡಿಯ ಮೇಲೆ ಒಂದು ಕೋಣೆಯಲ್ಲಿದ್ದೇನೆ. ಬಡ್ಡಿ ಇಳಿದಿದೆ ಎಂದು ತಾವು ಬರೆದಿರುವುದು ನಿಜ. ಜೊತೆಗೆ ಇದನ್ನೂ ಬರೆಯಬೇಕಿತ್ತು: ಆ ಮೂರು ವರ್ಷದಲ್ಲಿ ನಾನು ಮೂರು ವರ್ಷ ದೊಡ್ಡವಳಾಗಿದ್ದೇನೆ, ನಿವೃತ್ತಿಗೆ ಎಂಟೇ ವರ್ಷ ಉಳಿದಿದೆ, ಕಂತು ಕಟ್ಟುವ ಅವಧಿ ಅಷ್ಟಕ್ಕೇ ಕುಗ್ಗಿದೆ, ಅದೇ ಬೀದಿಯಲ್ಲಿ ಅಂಥದೇ ಮನೆಗೆ ಈಗ ಐವತ್ತೈದು ಕೇಳುತ್ತಾರೆ. ಏರಿದಾಗ ನಾವು ಹೊರಗೆ ನಿಂತೆವು. ಇಳಿದಾಗ ಒಳಗೆ ಬರಲು ಬಾಗಿಲೇ ಬೇರೆ ಕಡೆ ಹೋಗಿದೆ.

ಹೋದ ತಿಂಗಳು ಚಿಂತಾಮಣಿಗೆ ಹೋಗಿದ್ದೆ. ಗುಲ್ಷನ್ ತಮ್ಮನ ಮನೆಯ ಮೇಲೆ ಒಂದು ಕೋಣೆಯಲ್ಲಿದ್ದಾಳೆ. ಬೆಳಿಗ್ಗೆ ಅಂಗಡಿಯ ಪಾತ್ರೆಗಳನ್ನು ಒರೆಸಿ ಜೋಡಿಸುತ್ತಾಳಂತೆ. ತಮ್ಮ ಪತ್ರದ ವಿಷಯ ಹೇಳಿದೆ. ಅವಳು ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಬೇರೆಯದೇ ಒಂದು ಮಾತು ಕೇಳಿದಳು.

"ಅಕ್ಕ, ಆವತ್ತು ಏರಿಸಿಲ್ಲ ಅಂದ್ರಲ್ಲ ನೀವು. ಅವರು ನಂಬಿದ್ರಾ?"

"ಗೊತ್ತಿಲ್ಲ ಗುಲ್ಷನ್."

"ನಂಬಿದ್ರು ಅನ್ಸುತ್ತೆ. ಆಮೇಲೆ ಚೆನ್ನಾಗಿ ನಿದ್ದೆ ಮಾಡಿದ್ರು."

ನನ್ನ ಬೇಡಿಕೆ ದೊಡ್ಡದಲ್ಲ. ಮೂರು ತಿಂಗಳು ಎಂದು ಬರೆದುಕೊಟ್ಟರೆ, ಆ ಮೂರು ತಿಂಗಳಲ್ಲಿ ಬಡ್ಡಿ ಎಷ್ಟೇ ಏರಲಿ, ಬರೆದ ಮೊತ್ತವನ್ನು ಕೊಡಿ. ತಡ ತಮ್ಮ ಕಡೆಯಿಂದ ಆದರೆ ಆ ದಿನಗಳನ್ನು ನಮ್ಮ ಗಡುವಿಗೆ ಸೇರಿಸಿ. ಮನೆಗೆಂದು ಇಟ್ಟ ಹಣವನ್ನು ಷೇರಿಗೆ ಹಾಕಿಸುವ ಮೊದಲು, ಅದು ಯಾವ ದಿನ ಬೇಕಾಗುತ್ತದೆ ಎಂದು ಒಂದು ಪ್ರಶ್ನೆ ಕೇಳಲು ತಮ್ಮ ಹುಡುಗಿಯರಿಗೆ ಕಲಿಸಿ. ಪತ್ರ ಕನ್ನಡದಲ್ಲಿರಲಿ. ನನ್ನಿಂದ ಪಡೆದ ಶುಲ್ಕವನ್ನು ನನಗೆ ಕೊಡುವುದು ಬೇಡ. ಚಿಂತಾಮಣಿಯಲ್ಲಿ ಗುಲ್ಷನ್ ಎಂಬವರ ವಿಳಾಸ ಬೇಕಾದರೆ ಬರೆದು ತಿಳಿಸುತ್ತೇನೆ, ಅವರಿಗೆ ಕಳಿಸಿ. ಜೊತೆಗೆ ಒಂದು ಸಾಲು ಬರೆಯಿರಿ, ತಡವಾದದ್ದು ನಮ್ಮಿಂದ ಎಂದು. ಆ ಒಂದು ಸಾಲಿಗೆ ತಾವು ಎಷ್ಟೇ ಬಡ್ಡಿ ತೆರಬೇಕಾಗಲಿ, ಆ ಸಾಲನ್ನು ಕಳಿಸಿ.

ಇಂತಿ, ತಮ್ಮ ಕಡತದಲ್ಲಿ ಮತ್ತೆ ಅರ್ಹಳಾಗಿರುವ, ಆದರೆ ಅರ್ಜಿ ಹಾಕದಿರುವ,

ಶ್ಯಾಮಲಮ್ಮ
ಬಾಡಿಗೆದಾರಳು, ಶಿಡ್ಲಘಟ್ಟ